ಯಜಮಾನರು ನೋಡಿಕೊಳ್ಳುತ್ತಿರುವಾಗ ಹೋಮ್ ಏಕೆ?

ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಈ ಪ್ರಶ್ನೆ ಬರುತ್ತದೆ: "ಮೇಡಂ, ಯಜಮಾನರು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ನೀವೇಕೆ ಹೋಮ್‌ನಲ್ಲಿ ಹೆಸರು ಬರೆಸಿದ್ದೀರಿ?" ಹೋಮ್ ಎಂದರೆ ಹಾಸಿಗೆ ಹಿಡಿದವರನ್ನು ಇರಿಸಿಕೊಂಡು ನೋಡಿಕೊಳ್ಳುವ ಖಾಸಗಿ ಆರೈಕೆ ಕೇಂದ್ರ; ಅಲ್ಲಿ ಜಾಗಕ್ಕೆ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಕೇಳುವವರ ದನಿಯಲ್ಲಿ ಕಾಳಜಿ ಇರುತ್ತದೆ. ಜೊತೆಗೆ ನಮ್ಮವರ ಮೇಲೆ ಸಣ್ಣದೊಂದು ಅನುಮಾನವೂ ಇರುತ್ತದೆ. ಅಡುಗೆಮನೆಯಲ್ಲಿರುವ ಅವರಿಗೆ ಅದು ಕೇಳಿಸುತ್ತದೆ. ಆದ್ದರಿಂದ ನನ್ನ ಉತ್ತರವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮಳೆಗಾಲದಲ್ಲಿ ಮಹಡಿಯ ಮೆಟ್ಟಿಲಿನಿಂದ ಜಾರಿಬಿದ್ದಾಗ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಕೈಗಳು ಚೆನ್ನಾಗಿವೆ, ತಲೆ ಚುರುಕಾಗಿದೆ. ಮೈಸೂರಿನ ಈ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಮಗಳು ಪುಣೆಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಾಳೆ.

ನಡೆಯಲಾಗದಿರುವುದೇ ನನ್ನ ಕಷ್ಟ ಎಂದು ಜನ ಭಾವಿಸುತ್ತಾರೆ. ನಡಿಗೆ ಹೋದದ್ದು ಅದರಲ್ಲಿ ಚಿಕ್ಕ ಪಾಲು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು, ಸ್ವಲ್ಪ ವಿವರಿಸುತ್ತೇನೆ. ಆರೋಗ್ಯವಂತರು ನಿದ್ದೆಯಲ್ಲಿಯೂ ತಮಗೆ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಾರೆ. ಒಂದೇ ಕಡೆ ಭಾರ ಬಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಆಗ ಅಲ್ಲಿ ನೋವಾಗುತ್ತದೆ, ನೋವೇ ನಮ್ಮನ್ನು ಹೊರಳಿಸುತ್ತದೆ. ನನಗೆ ಆ ನೋವು ತಿಳಿಯುವುದಿಲ್ಲ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಇವಿಷ್ಟೂ ಕಡೆ ಚರ್ಮ ಕೆಂಪಾಗಿ, ಕಪ್ಪಾಗಿ, ಒಳಗೊಳಗೇ ಕೊಳೆತು ಹುಣ್ಣಾಗುವವರೆಗೂ ನನಗೆ ಸುಳಿವು ಸಿಗುವುದಿಲ್ಲ. ದಿನವೂ ಕೈಗನ್ನಡಿ ಹಿಡಿದು ನೋಡಿಕೊಳ್ಳಬೇಕು. ನನಗೆ ಕಾಣದ ಜಾಗಗಳನ್ನು ಅವರು ನೋಡಬೇಕು.

ಬೆನ್ನುಹುರಿ ತುಂಡಾದವರು ಹೆಚ್ಚು ದಿನ ಬದುಕುವುದಿಲ್ಲ ಎಂದೇ ವೈದ್ಯರು ನಂಬಿದ್ದ ಕಾಲವೊಂದಿತ್ತು. ಅವರನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥ ಸೈನಿಕರಿಗಾಗಿಯೇ ಒಂದು ವಿಭಾಗ ತೆರೆದರು. ಅಲ್ಲಿ ಹಗಲಿರಲಿ, ರಾತ್ರಿಯಿರಲಿ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು ಎಂಬ ನಿಯಮ ಮಾಡಿದರು. ಜನ ಬದುಕತೊಡಗಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯವರು ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದು. ಗುಟ್ಮನ್ ಅವರ ಬಗ್ಗೆ ಓದಿದಾಗಲೆಲ್ಲ ಅವರಿಗಿಂತ ಹೆಚ್ಚಾಗಿ ಆ ವಾರ್ಡಿನಲ್ಲಿ ರಾತ್ರಿಯಿಡೀ ಎದ್ದಿದ್ದವರು ನನ್ನ ಕಣ್ಣಮುಂದೆ ಬರುತ್ತಾರೆ. ಅವರು ಪಾಳಿಯ ಮೇಲೆ ದುಡಿಯುತ್ತಿದ್ದರು. ಒಬ್ಬರು ಹೊರಟಾಗ ಇನ್ನೊಬ್ಬರು ಬರುತ್ತಿದ್ದರು.

ನಮ್ಮ ಮನೆಯಲ್ಲಿ ಪಾಳಿ ಬದಲಾಗುವುದಿಲ್ಲ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಹಗಲು ಗಾಲಿಕುರ್ಚಿಯಲ್ಲಿ ಕುಳಿತಾಗ ಕೈಯೂರಿ ನಾನೇ ಮೈ ಎತ್ತಿಕೊಳ್ಳುತ್ತೇನೆ, ರಾತ್ರಿಯ ಸರದಿಯೆಲ್ಲ ಅವರದು. ಮೂತ್ರಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ತೆಳು ಕೊಳವೆ, ಹಾಕಬೇಕು. ಅದನ್ನು ನಾನೇ ಕಲಿತೆ. ಬೆಳಗಿನ ಮಲವಿಸರ್ಜನೆ, ಸ್ನಾನ, ಕಾಲುಗಳ ಕೀಲು ಬಿಗಿಯದಂತೆ ಮಡಿಸಿ ಚಾಚುವ ವ್ಯಾಯಾಮ ಇವೆಲ್ಲ ಮುಗಿಯುವ ಹೊತ್ತಿಗೆ ಅವರ ಮುಖ ಬಾಡಿರುತ್ತದೆ. ಅವರ ಬೆನ್ನಿನ ಎಕ್ಸ್‌ರೇ ನೋಡಿದ ವೈದ್ಯರು ಭಾರ ಎತ್ತಬೇಡಿ ಎಂದಿದ್ದಾರೆ. ಅವರು ಎತ್ತುವ ಭಾರ ನಾನು.

ನನ್ನ ಉತ್ತರ ಇಷ್ಟೇ. ಅವರ ಪ್ರೀತಿ ಕಡಿಮೆಯಾಯಿತೆಂದು ನಾನು ಹೆಸರು ಬರೆಸಿಲ್ಲ. ಮೂರು ಪಾಳಿಯ ಕೆಲಸವನ್ನು ಪ್ರೀತಿಯೊಂದರಿಂದಲೇ ಮಾಡಿಸಿಕೊಳ್ಳುವುದು ಅನ್ಯಾಯ ಎಂದು ಬರೆಸಿದ್ದೇನೆ. ಸಂಜೆ ಅವರು ನನ್ನ ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳಲಿ, ನನ್ನೊಡನೆ ಜಗಳವಾಡಲಿ. ಆ ಹೊತ್ತಿಗೆ ಅವರಲ್ಲಿ ಅಷ್ಟು ಶಕ್ತಿ ಉಳಿದಿರಲಿ.

ಸಂಬಳಕ್ಕೆ ಆಯಾ ಇಡಬಾರದೇ ಎಂದರೆ, ಇಟ್ಟಿದ್ದೆವು. ಹಗಲಿಗೆ ಸಿಗುತ್ತಾರೆ, ರಾತ್ರಿಗೆ ನಿಲ್ಲುವವರು ಸಿಗುವುದು ಕಷ್ಟ, ಸಿಕ್ಕರೂ ನಮ್ಮ ಪಿಂಚಣಿಗೆ ಎಟುಕುವುದಿಲ್ಲ. ಆರೋಗ್ಯ ವಿಮೆ ಆಸ್ಪತ್ರೆಗೆ ದಾಖಲಾದರೆ ಹಣ ಕೊಡುತ್ತದೆ. ಹುಣ್ಣಾದ ಮೇಲಿನ ಶಸ್ತ್ರಚಿಕಿತ್ಸೆಗೆ ದುಡ್ಡಿದೆ, ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕೈಗಳಿಗೆ ಇಲ್ಲ. ಈ ಲೆಕ್ಕ ನನಗೆ ಸಿಟ್ಟು ತರಿಸುತ್ತದೆ.

ಇನ್ನು ವೃದ್ಧಾಶ್ರಮಗಳು. ಫೋನ್ ಮಾಡಿದರೆ ಬರುವ ಮೊದಲ ಪ್ರಶ್ನೆ, "ಅವರು ನಡೆಯುತ್ತಾರೆಯೇ?" ಇಲ್ಲ ಎಂದ ಕೂಡಲೇ ಮಾತು ಮುಗಿಯುತ್ತದೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಪಿಂಚಣಿ ಬರುವ ನಾನು ನಿರ್ಗತಿಕಳಲ್ಲ. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವ ಖಾಸಗಿ ಹೋಮ್‌ಗಳಿವೆ, ಆದರೆ ಅಂಥ ಹಾಸಿಗೆಗಳು ಕೆಲವೇ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಮರಳಿ ಮನೆಗೆ ಬರುವುದಿಲ್ಲ. ನನಗೆ ಜಾಗ ಸಿಗಬೇಕಾದರೆ ಯಾರೋ ಒಬ್ಬರು ತೀರಿಕೊಳ್ಳಬೇಕು. ಇದು ತಿಳಿದಿರುವುದರಿಂದ, ಜಾಗ ಖಾಲಿಯಾಯಿತೇ ಎಂದು ನಾನಾಗಿ ಕೇಳಲು ನಾಲಗೆ ಏಳುವುದಿಲ್ಲ.

ಪಕ್ಕದ ಕೇರಳ ಬೇರೆ ದಾರಿ ಹಿಡಿದಿದೆ. 2008ರಲ್ಲಿ ಅಲ್ಲಿ ಉಪಶಾಮಕ ಆರೈಕೆಗೆಂದೇ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಗೆಂದೇ, ಸರ್ಕಾರಿ ನೀತಿ ಬಂತು. ಪಂಚಾಯಿತಿಯ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ, ಊರಿನ ಸ್ವಯಂಸೇವಕರು ಜೊತೆಗಿರುತ್ತಾರೆ. ಆಶ್ವಾಸಕಿರಣಂ ಯೋಜನೆಯಲ್ಲಿ ಆರೈಕೆ ಮಾಡುವವರಿಗೇ ತಿಂಗಳಿಗೆ 600 ರೂಪಾಯಿ ನಿಗದಿಯಾಗಿದೆ. ಮೊತ್ತ ಸಣ್ಣದು. ಆದರೂ ಅದು ಕೆಲಸ ಎಂದು ಸರ್ಕಾರ ಒಪ್ಪಿಕೊಂಡಿದೆಯಲ್ಲ! ಅಂಥ ನರ್ಸ್ ನಮ್ಮ ಬೀದಿಗೆ ಬರುವಂತಿದ್ದರೆ ನಾನು ಯಾವ ಹೋಮ್‌ನಲ್ಲಿಯೂ ಹೆಸರು ಬರೆಸುತ್ತಿರಲಿಲ್ಲ.

ಕಾಯುತ್ತ ಸುಮ್ಮನೆ ಮಲಗಿಲ್ಲ. ಮುಂಬಾಗಿಲಿನ ಹದಿನೈದು ಸೆಂಟಿಮೀಟರ್ ಎತ್ತರಕ್ಕೆ ಇಳಿಜಾರು ಕಟ್ಟಿಸಿದೆವು. ಎತ್ತರದ ಹನ್ನೆರಡು ಪಟ್ಟು ಉದ್ದ ಎಂಬ ಲೆಕ್ಕದಲ್ಲಿ ಅದಕ್ಕೆ 1.8 ಮೀಟರ್ ಉದ್ದ ಬೇಕು. ಮೇಸ್ತ್ರಿ ಅರ್ಧದಷ್ಟು ಸಾಕೆಂದರು, ನಾನು ಬಿಡಲಿಲ್ಲ. ಕಡಿದಾದರೆ ತಳ್ಳುವವರ ಬೆನ್ನೇ ಮುರಿಯುವುದು. ಬಚ್ಚಲಿನ ಹೊಸಿಲು ತೆಗೆಸಿದೆವು. ಮಂಚದಿಂದ ಕುರ್ಚಿಗೆ ಜಾರಿಕೊಂಡು ಹೋಗಲು ನುಣುಪಾದ ಹಲಗೆಯೊಂದಿದೆ. ಅದು ಬಂದಂದಿನಿಂದ ಹಗಲಿನಲ್ಲಿ ಅವರು ನನ್ನನ್ನು ಎತ್ತುವುದು ತಪ್ಪಿದೆ. ಮೈಭಾರ ಒಂದೇ ಕಡೆ ಬೀಳದಂತೆ ನೋಡಿಕೊಳ್ಳುವ ಗಾಳಿ ಹಾಸಿಗೆಯ ಪಂಪನ್ನು ಇನ್‌ವರ್ಟರ್‌ಗೆ ಜೋಡಿಸಿದ್ದೇವೆ, ಕರೆಂಟ್ ಹೋದರೆ ಹಾಸಿಗೆಯ ಗಾಳಿ ಇಳಿಯಬಾರದಲ್ಲ. ಇದೇ ಸ್ಥಿತಿಯಲ್ಲಿರುವವರು ಮೊದಲು ಆ ಹಲಗೆ, ಆಮೇಲೆ ಟಿವಿ ಕೊಳ್ಳಿ.

ಬೇಸರವಾದಾಗ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನು ನೆನೆಯುತ್ತೇನೆ. 1954ರ ಅಪಘಾತದಲ್ಲಿ ಅವರ ಎರಡೂ ಕಾಲು ಸ್ವಾಧೀನ ತಪ್ಪಿದವು. ಆಮೇಲೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಕೇಂದ್ರದ ಹಿಂದಿನ ಶಕ್ತಿ ಅವರೇ. ನಾನು ಅಷ್ಟು ದೊಡ್ಡವಳಲ್ಲ. ಪಕ್ಕದ ಮನೆಯ ಮಕ್ಕಳಿಗೆ ಮಂಚದ ಪಕ್ಕ ಕೂರಿಸಿಕೊಂಡು ಹತ್ತನೆಯ ತರಗತಿಯ ವಿಜ್ಞಾನ ಹೇಳಿಕೊಡುತ್ತೇನೆ.

"ಹಾಗಾದರೆ ನಾವೇನು ಮಾಡಬಹುದು?" ಎಂದು ಕೆಲವರು ಕೇಳುತ್ತಾರೆ. ಹಣ್ಣು ತರಬೇಡಿ, ಎರಡು ಗಂಟೆ ತನ್ನಿ. ನನ್ನನ್ನು ಎತ್ತಬೇಕಾಗಿಲ್ಲ, ಪಕ್ಕದಲ್ಲಿ ಇದ್ದರೆ ಸಾಕು. ಆ ಹೊತ್ತಿನಲ್ಲಿ ಅವರು ಬ್ಯಾಂಕಿಗೆ ಹೋಗಲಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲಿ, ಅಥವಾ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ. ಬರುವ ಮೊದಲು ಒಂದು ಫೋನ್ ಮಾಡಿ. ಕ್ಯಾಥೆಟರ್ ಹೊತ್ತು ತಪ್ಪಿಸಿ ಸಮಯ ಹೇಳುತ್ತೇನೆ.