ಹ ಬಿಟ್ಟವರು, ಹ ಸೇರಿಸಿದವರು

ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನೋಂದಣಿ ಕೌಂಟರ್ ನೋಡಿಕೊಳ್ಳುತ್ತೇನೆ. ಹೆಸರು, ಊರು, ವಯಸ್ಸು, ಏನು ತೊಂದರೆ ಅಂತ ಕೇಳಿ ಚೀಟಿ ಮಾಡಿಕೊಡುವ ಜಾಗ. ಜಿಲ್ಲೆಯ 8 ತಾಲ್ಲೂಕಿನವರೂ ಬರುತ್ತಾರೆ. ಹೊಳೆನರಸೀಪುರದ ಕಡೆಯವರು 'ಒಟ್ಟೆ ನೋವದೆ' ಅಂತಾರೆ. ಅರಸೀಕೆರೆ ಕಡೆಯವರು 'ನೋವೈತೆ' ಅಂತಾರೆ. ಘಟ್ಟದ ಕೆಳಗಿನಿಂದ ಸಕಲೇಶಪುರದ ತೋಟಗಳಿಗೆ ಬಂದವರು 'ನೋವುಂಟು' ಅಂತಾರೆ. ಮೂರೂ ಒಂದೇ ಹೊಟ್ಟೆನೋವು.

ಕೆಲವು ವರ್ಷದ ಹಿಂದೆ ಅರಕಲಗೂಡು ಕಡೆಯ ಒಬ್ಬ ಹುಡುಗಿ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದಳು. ಬಿ.ಕಾಂ. ಮುಗಿಸಿದ್ದಳು. ಕೈ ಚುರುಕು, ಜನರ ಜೊತೆ ಮಾತು ಚೆನ್ನ. ಆದರೆ ಹ ಬರುತ್ತಿರಲಿಲ್ಲ. ಹಾಸನ 'ಆಸ್ನ' ಆಗುತ್ತಿತ್ತು, ಹಳೇಬೀಡು 'ಅಳೇಬೀಡು' ಆಗುತ್ತಿತ್ತು. ಮೈಕಿನಲ್ಲಿ 'ಒನ್ನಮ್ಮನವರು ಐದನೇ ನಂಬರ್ ರೂಮಿಗೆ ಓಗಿ' ಅಂತ ಕೂಗಿದಾಗ ನನಗೆ ಮುಜುಗರವಾಯಿತು. ಮುಜುಗರ ಯಾಕಾಗಬೇಕಿತ್ತು ಅಂತ ಆಗ ಯೋಚಿಸಲೇ ಇಲ್ಲ.

ಒಂದು ವಾರ ದಿನಾ ಬೆಳಿಗ್ಗೆ ಅರ್ಧ ಗಂಟೆ ಕೂರಿಸಿಕೊಂಡು ಹೇಳಿಕೊಟ್ಟೆ. ಹನುಮಂತೇಗೌಡ, ಹೊನ್ನಮ್ಮ, ಹುಚ್ಚಯ್ಯ, ಹೊಳೆನರಸೀಪುರ. 'ಐತೆ' ಬೇಡ, 'ಇದೆ' ಅನ್ನು. 'ರೋಗಿಗಳೂ ಹ ಬಿಟ್ಟೇ ಹೇಳ್ತಾರೆ, ಬರೆದುಕೊಳ್ಳುವಾಗ ನೀನು ಸರಿಮಾಡ್ಕೊ' ಅಂತಲೂ ಹೇಳಿದೆ. ಈ ಕೊನೇ ಮಾತೇ ಮುಂದೆ ತೊಂದರೆ ತಂದಿದ್ದು.

ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಒಂದು ಸಂಜೆ ವಯಸ್ಸಾದ ಒಬ್ಬರು ಜ್ವರ, ಕೆಮ್ಮು ಅಂತ ಬಂದರು. ಹೆಸರು ಬದಲಿಸಿ ಹೇಳುತ್ತೇನೆ, ಅರಸೇಗೌಡ ಅಂತಿಟ್ಟುಕೊಳ್ಳಿ. ಹುಡುಗಿ ಅದನ್ನು 'ಸರಿಮಾಡಿ' ಹರಸೇಗೌಡ ಅಂತ ಹಾಕಿದಳು. ನಮ್ಮ ಕಂಪ್ಯೂಟರಿನಲ್ಲಿ ಹೆಸರು ಇರುವುದು ಇಂಗ್ಲಿಷ್ ಅಕ್ಷರದಲ್ಲಿ. 'ಎ' ಇಂದ ಶುರುವಾಗುವ ಹೆಸರನ್ನು 'ಎಚ್' ಒತ್ತಿ ಹುಡುಕಿದರೆ ಸಿಗುತ್ತದೆಯೇ? ಹೋದ ಸಲ ಮಗಳ ಫೋನ್ ನಂಬರ್ ಕೊಟ್ಟಿದ್ದರಂತೆ, ಈ ಸಲ ಮಗನ ನಂಬರ್ ಕೊಟ್ಟರು. ನಂಬರಿನಿಂದಲೂ ಹಳೇ ಫೈಲ್ ಸಿಗಲಿಲ್ಲ. ಹೊಸ ಫೈಲ್ ತೆರೆದಳು. ಹಳೇ ಫೈಲಿನಲ್ಲಿ ಒಂದು ಇಂಜೆಕ್ಷನ್ ಇವರ ಮೈಗೆ ಆಗುವುದಿಲ್ಲ ಅಂತ ಕೆಂಪಕ್ಷರದಲ್ಲಿ ಬರೆದಿತ್ತು.

ನಮ್ಮ ನರ್ಸ್ ಸೂಜಿ ಚುಚ್ಚುವ ಮೊದಲು ಎಲ್ಲರನ್ನೂ ಕೇಳುತ್ತಾರೆ. ಅವತ್ತೂ ಕೇಳಿದರು. ಅರಸೇಗೌಡರು, 'ಓದ್ಸಲ ಇಲ್ಲೇ ಚುಚ್ಚಿದ್ರು ಕಣವ್ವ, ಮೈಯೆಲ್ಲಾ ದದ್ದೆದ್ದಿತ್ತು' ಅಂದರು. ಇಲ್ಲೇ ಅಂದರೆ ಇಲ್ಲೇ ಫೈಲ್ ಇರಬೇಕಲ್ಲ ಅಂತ ನರ್ಸ್ ಕೌಂಟರಿಗೆ ಓಡಿ ಬಂದರು. ಏನೂ ಅನಾಹುತ ಆಗಲಿಲ್ಲ.

ಮಾರನೇ ದಿನ ಹುಡುಗಿಯನ್ನು ಕರೆದು ಕೇಳಿದೆ. ಕೌಂಟರಿನಲ್ಲಿ ಮೇಡಂ ಅನ್ನುವವಳು ಕ್ಯಾಂಟೀನಿನಲ್ಲಿ ಅಕ್ಕ ಅನ್ನುತ್ತಾಳೆ. 'ಅಕ್ಕಾ, ಅವ್ರು ಅರಸೇಗೌಡ ಅಂತ್ಲೇ ಅಂದ್ರು. ನಂಗೂ ಅದೇ ಸರಿ ಅನ್ನುಸ್ತು. ಆದ್ರೆ ನನ್ ಕಿವಿ ಮೇಲೆ ನಂಗೆ ನಂಬ್ಕೆ ಓಗ್ಬಿಟ್ಟೈತೆ' ಅಂದಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಇದ್ದದ್ದೇ ಅದೊಂದು ಬಂಡವಾಳ, ಊರ ಜನರ ಮಾತು ತಟ್ಟನೆ ಗೊತ್ತಾಗುವ ಕಿವಿ. ಅದನ್ನು ಒಂದೇ ವಾರದಲ್ಲಿ ನಾನು ಕೆಡಿಸಿದ್ದೆ.

ಈ ರೂಲ್ಸ್ ನನಗೆ ಎಲ್ಲಿಂದ ಬಂತು ಅಂತ ಹೇಳಬೇಕು. ನಾನು ಚನ್ನರಾಯಪಟ್ಟಣ ತಾಲ್ಲೂಕಿನವಳು. ಮೊದಲ ಕೆಲಸ ನೆಲಮಂಗಲದ ಒಂದು ಆಸ್ಪತ್ರೆಯಲ್ಲಿ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸು ತುಮಕೂರು ರಸ್ತೆಗೆ ಸೇರುವುದು ಅಲ್ಲೇ. ಹಾಗಾಗಿ ಹಾಸನದವರಿಗೆ ನೆಲಮಂಗಲ ಅಂದರೆ ಬೆಂಗಳೂರು ಬಂತು ಅಂತಲೇ ಲೆಕ್ಕ. ಅಲ್ಲಿನ ಮೇಲಿನವರೊಬ್ಬರು ಸಿಟಿಯಿಂದ ಬರುತ್ತಿದ್ದರು. ನನ್ನ ಬಾಯಲ್ಲಿ ಒಮ್ಮೆ 'ಐತೆ' ಬಂದಾಗ, ರೋಗಿಗಳ ಎದುರಿಗೇ, 'ಹಳ್ಳಿ ಭಾಷೆ ಬೇಡ, ಇದು ಬೆಂಗಳೂರು' ಅಂದರು. ಅವತ್ತಿನಿಂದ ಬಾಯಿ ಬಿಗಿಹಿಡಿದು ಮಾತಾಡುವುದನ್ನು ಕಲಿತೆ.

ಅಲ್ಲಿ ನೆಲ ಒರೆಸುತ್ತಿದ್ದ ಅಕ್ಕ ಒಬ್ಬರಿದ್ದರು. ನೆಲಮಂಗಲದ ಪಕ್ಕದ ಹಳ್ಳಿಯವರು. ಅವರ ತಾತ, ಮುತ್ತಾತ ಎಲ್ಲ ಅದೇ ಮಣ್ಣಲ್ಲಿ ರಾಗಿ ಬೆಳೆದವರು. ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಆಮೇಲೆ ನನ್ನ ಹತ್ತಿರ ಬಂದು, 'ಬೆಂಗ್ಳೂರ್ ಮಾತು ಅಂದ್ರೆ ಐತೇನೇ ಕಣಮ್ಮ. ನಾವು ಉಟ್ಟಿದ್ದು ಇಲ್ಲೇ. ಆಯಪ್ಪ ಎಲ್ಲಿಂದ ಬಂದ್ನೋ' ಅಂದರು. ಆ ಮಾತಿನ ತೂಕ ನನಗೆ ಆಗ ಗೊತ್ತಾಗಲಿಲ್ಲ. ನಿದ್ದೆ ಬಾರದ ಆ ರಾತ್ರಿ ಅದು ನೆನಪಾಯಿತು.

ನಿಜವಾಗಿ ಬೆಂಗಳೂರಿನ ಸುತ್ತಲಿನ ಊರುಗಳ ಮಾತು ನೋಡಿ. ನೆಲಮಂಗಲ, ಮಾಗಡಿ ಕಡೆ 'ಐತೆ' ಇದೆ, ಹ ಬಿಡುವುದೂ ಇದೆ. ಹೊಸಕೋಟೆ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ತುಂಬ ಜನ. ಆನೇಕಲ್ ಕಡೆ ಹೋದರೆ ಅದರ ಜೊತೆ ತಮಿಳೂ ಸೇರುತ್ತದೆ. ಇವರೆಲ್ಲ ಸಿಟಿ ಬೆಳೆಯುವ ಮೊದಲೇ ಅಲ್ಲಿದ್ದವರು. ನಮಗೆ 'ಬೆಂಗಳೂರು ಕನ್ನಡ' ಅಂತ ಕಲಿಸಿದ್ದು ಇವರ್ಯಾರ ಮಾತೂ ಅಲ್ಲ, ಪುಸ್ತಕದ ಮತ್ತು ಆಫೀಸಿನ ಮಾತು. ಅದರಲ್ಲಿ ತಪ್ಪೇನಿಲ್ಲ, ಈಗ ನಾನು ಬರೆಯುತ್ತಿರುವುದೂ ಅದರಲ್ಲೇ. ಆದರೆ ಅದಕ್ಕೆ ಒಂದು ಊರಿನ ಹೆಸರಿಟ್ಟು, ಆ ಊರವರ ಬಾಯನ್ನೇ ಮುಚ್ಚಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ನೆಲಮಂಗಲದ ಕಡೆಯ ಜನ ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ ಅನ್ನುವುದನ್ನೂ ಅಲ್ಲಿ ನೋಡಿದೆ. ಮೆಜೆಸ್ಟಿಕ್‌ಗೆ ಹೋಗಿ ಬಂದರೆ 'ಬೆಂಗ್ಳೂರಿಗೆ ಓಗಿದ್ದೆ' ಅನ್ನುತ್ತಾರೆ, ದೂರ ಮೂವತ್ತು ಕಿಲೋಮೀಟರೂ ಇಲ್ಲ. ಅದೇ ಜನ ಧರ್ಮಸ್ಥಳದಲ್ಲಿ ಯಾರಾದರೂ ಯಾವೂರು ಅಂತ ಕೇಳಿದರೆ 'ಬೆಂಗ್ಳೂರು' ಅನ್ನುತ್ತಾರೆ. ಗಾಡಿ ನಂಬರ್ ಕೆಎ 52, ಸಿಟಿಯದಲ್ಲ. ಸರ್ಕಾರದ ಲೆಕ್ಕದಲ್ಲಿ 1986ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಅದರಿಂದ 2007ರಲ್ಲಿ ರಾಮನಗರ ಜಿಲ್ಲೆ ಬೇರೆ ಆಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು. ಮೆಟ್ರೋ 2024ರ ನವೆಂಬರ್‌ನಲ್ಲಿ ನೆಲಮಂಗಲದ ದಾರಿಯಲ್ಲಿರುವ ಮಾದಾವರದವರೆಗೆ ಬಂತು. ಇಷ್ಟೆಲ್ಲ ಆದರೂ ಆ ಅಕ್ಕನನ್ನು ಕೇಳಿದರೆ ತನ್ನ ಹಳ್ಳಿಯ ಹೆಸರನ್ನೇ ಹೇಳುತ್ತಾರೆ.

ನಾವೂ ಹಾಗೇ ಅಲ್ವಾ? ಬೆಂಗಳೂರಿನಲ್ಲಿ ನಾನು ಹಾಸನದವಳು. ಹಾಸನದಲ್ಲಿ ಚನ್ನರಾಯಪಟ್ಟಣದವಳು. ಅಲ್ಲಿಗೆ ಹೋದರೆ ನಮ್ಮೂರಿನ ಹೆಸರು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಶುರುವಾದ ಮೇಲೆ ನಮ್ಮ ಮಕ್ಕಳು ಹೋಗಿಬರುವುದು ಜಾಸ್ತಿಯಾಗಿದೆ. ಬರುವಾಗ ಮಾತನ್ನೂ ತರುತ್ತಾರೆ. ನಾನೂ ತಂದಿದ್ದೆ. ಸಿಟಿಯ ಅಂಚಿನಲ್ಲಿ ನನಗೆ ಸಿಕ್ಕ ಬೈಗುಳವನ್ನು ಹಾಸನದವರೆಗೂ ಹೊತ್ತು ತಂದು ಇನ್ನೊಬ್ಬಳಿಗೆ ದಾಟಿಸಿದ್ದೆ.

ನಮ್ಮ ಲೆಕ್ಕಪತ್ರದ ಹುಡುಗನ ತಂದೆ ರಿಟೈರ್ಡ್ ಕನ್ನಡ ಮೇಷ್ಟ್ರು. ಒಮ್ಮೆ ಬಿಪಿ ತೋರಿಸಲು ಬಂದಾಗ ಈ ವಿಷಯ ಅವರ ಹತ್ತಿರ ಹೇಳಿಕೊಂಡೆ. ಅವರು ಹೇಳಿದ್ದನ್ನು ಎಂದೂ ಮರೆಯಲಾರೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ನೇ ಇಸವಿಯದು. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದು. ಅದರಲ್ಲಿ ಆ ಊರಿನ ಹೆಸರು ಶುರುವಾಗುವುದು ಹ ಇಂದ ಅಲ್ಲ, ಪ ಇಂದ. ಆಗ ಹಾಲಿಗೆ ಪಾಲ್, ಹೋಗು ಅನ್ನಲು ಪೋಗು, ಹತ್ತಕ್ಕೆ ಪತ್ತು. ಪ ಸವೆದು ಹ ಆಯಿತು. ಹ ಸವೆದು ಹಳ್ಳಿಯವರ ಬಾಯಲ್ಲಿ ಆಲು, ಓಗು, ಅತ್ತು ಆಗಿದೆ. 'ಪ ಬಿಟ್ಟು ಹ ಅಂದವರನ್ನ ನಾವು ತಪ್ಪು ಅನ್ನಲ್ಲ. ಹ ಬಿಟ್ಟವರನ್ನ ಯಾಕಮ್ಮಾ ಅನ್ಬೇಕು?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬರವಣಿಗೆಯಲ್ಲಿ ಮಾತ್ರ ಹ ಬೇಕೇಬೇಕು. ಅದನ್ನು ನಾನು ಬಿಟ್ಟಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡಿನಲ್ಲಿ ಹೊನ್ನಮ್ಮ ಅಂತಿದ್ದು ನಮ್ಮ ಚೀಟಿಯಲ್ಲಿ ಒನ್ನಮ್ಮ ಅಂತಾದರೆ ಬಡವರು ಸುಮ್ನೆ ಅಲೆಯಬೇಕಾಗುತ್ತದೆ. ಹಾಗಾಗಿ ಈಗ ಊಹೆ ಮಾಡುವುದನ್ನೇ ಪೂರ್ತಿ ನಿಲ್ಲಿಸಿದ್ದೇವೆ. ಮೊದಲು ಕಾರ್ಡ್ ಕೇಳುತ್ತೇವೆ. ಮನೆಯ ಬೇರೆಯವರ ನಂಬರ್ ಕೊಟ್ಟಿದ್ರಾ ಅಂತ ಕೇಳುತ್ತೇವೆ. ಊರು, ತಂದೆ ಅಥವಾ ಗಂಡನ ಹೆಸರಿನಿಂದಲೂ ಹುಡುಕುತ್ತೇವೆ. ಆಮೇಲೆ ಅವರು ಹೇಳಿದ ಹಾಗೆಯೇ ಹೆಸರನ್ನು ವಾಪಸ್ ಹೇಳಿ ಒಪ್ಪಿಗೆ ಪಡೆಯುತ್ತೇವೆ.

ತೊಂದರೆಯನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ಮೊದಲು 'ಸಂಕ್ಟ ಆಯ್ತದೆ' ಅಂದರೆ ನಾನು ಹೊಟ್ಟೆನೋವು ಅಂತ ಹಾಕುತ್ತಿದ್ದೆ. ಅದು ಹೊಟ್ಟೆ ತೊಳೆಸುವುದೂ ಇರಬಹುದು, ಎದೆಯೊಳಗಿನ ಕಸಿವಿಸಿಯೂ ಇರಬಹುದು. 'ಎದೆ ಇಡ್ಕಂಡೈತೆ' ಅಂದವರನ್ನು ಗ್ಯಾಸ್ಟ್ರಿಕ್ ಅಂತ ಸಾಲಿನಲ್ಲಿ ಕೂರಿಸಬಾರದು, ಕೂಡಲೇ ಒಳಗೆ ಕಳಿಸಬೇಕು. ಇದನ್ನು ನಮಗೆಲ್ಲ ಬಿಡಿಸಿ ಹೇಳಿದ್ದು ಆ ಹುಡುಗಿಯೇ. ಅವಳ ಅಜ್ಜಿ ಹಾಗೆ ಅಂದಾಗ ಮನೆಯವರು ಸೋಡಾ ಕುಡಿಸಿ ಮಲಗಿಸಿದ್ದರಂತೆ. ಅದನ್ನು ಹೇಳುವಾಗ ಅವಳ ಗಂಟಲು ಕಟ್ಟಿತು. ಮುಂದೆ ಏನಾಯಿತು ಅಂತ ನಾನು ಕೇಳಲಿಲ್ಲ.

ಎಲ್ಲರ ಮುಂದೆ ಅವಳ ಹತ್ತಿರ ಕ್ಷಮೆ ಕೇಳಿದೆ. ಅವಳು ತುಂಬ ನಾಚಿಕೊಂಡಳು. ಮೈಕಿನ ಕೆಲಸ ಈಗ ಅವಳದೇ. ಹ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ಕರೆದವರು ಎದ್ದು ಬರುತ್ತಾರೆ.

ಹ ಇದ್ದರೂ ಇಲ್ಲದಿದ್ದರೂ ಹೆಸರು ಸಿಗುವ ಹಾಗೆ ಮಾಡಿಕೊಡಿ ಅಂತ ಸಾಫ್ಟ್‌ವೇರ್‌ನವರಿಗೆ ಎರಡು ಸಲ ಬರೆದಿದ್ದೇನೆ. ಅದಿನ್ನೂ ಆಗಿಲ್ಲ. ಅಲ್ಲಿಯವರೆಗೆ ಇರಲಿ ಅಂತ ಕೌಂಟರಿನ ಗಾಜಿಗೆ ಒಳಗಿನಿಂದ ಅವಳ ಕೈಬರಹದ ಒಂದು ಚೀಟಿ ಅಂಟಿಸಿದ್ದೇವೆ: 'ಹೆಸರು ಸಿಗಲಿಲ್ವಾ? ಹ ತೆಗೆದು ಹುಡುಕಿ. ಹ ಸೇರಿಸಿ ಹುಡುಕಿ. ಆಮೇಲೆ ಹೊಸ ಫೈಲ್.'