ಅರಮನೆಗೆ ಒಂದೇ ಬಣ್ಣ ಯಾಕಪ್ಪಾ?

ಭಾವ ಕಳಿಸಿದ ಮೈಸೂರು ದಸರಾ ವಿಡಿಯೊ ನೋಡುತ್ತಿದ್ದ ಮಗಳು ಕೇಳಿದಳು: "ಅಪ್ಪಾ, ಅರಮನೆ ದೀಪಕ್ಕೆ ಒಂದೇ ಬಣ್ಣ ಯಾಕೆ? ಕಂಟ್ರೋಲರ್ ಕೆಟ್ಟಿದೆಯಾ?"

ನಗು ಬಂತು. ಸ್ವಲ್ಪ ಚುಚ್ಚಿತು ಕೂಡ.

ಅವಳದ್ದೇನೂ ತಪ್ಪಿಲ್ಲ. ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಇಲ್ಲಿನ ಡೀರ್‌ಫೀಲ್ಡ್ ಬಡಾವಣೆಯ ಕ್ರಿಸ್‌ಮಸ್ ದೀಪ ನೋಡಲು ಡಿಸೆಂಬರಿನಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಅವಳ ಕಣ್ಣಿಗೆ ದೀಪ ಎಂದರೆ ಓಡಬೇಕು, ಕುಣಿಯಬೇಕು, ಹಾಡಿಗೆ ತಕ್ಕ ಹಾಗೆ ಬಣ್ಣ ಬದಲಿಸಬೇಕು. ಅದನ್ನೆಲ್ಲ ಮಾಡಿಸುವ ಪೆಟ್ಟಿಗೆಯೇ ಕಂಟ್ರೋಲರ್. ನಿಜ ಹೇಳಬೇಕೆಂದರೆ ನನಗೂ ಅದೇ ಹುಚ್ಚು. ಈ ಸಲ ಕಿಟಕಿಗಳ ಸುತ್ತ ಪಿಕ್ಸೆಲ್ ಹಾಕೋಣ ಅಂತ ಪಕ್ಕದ ಮನೆಯ ಅಜ್ಜನ ಜೊತೆ ಟೇಪ್ ಹಿಡಿದು ಅಳೆಯುತ್ತಿದ್ದೆ.

ಅಜ್ಜ ಇದರಲ್ಲಿ ಪಳಗಿದ ಕೈ. ಪಿಕ್ಸೆಲ್ ದೀಪದಲ್ಲಿ ಒಂದೊಂದಕ್ಕೂ ಪುಟ್ಟ ಚಿಪ್ ಇರುತ್ತದೆ, ಹಾಗಾಗಿ ಬೇಕಾದ ದೀಪಕ್ಕೆ ಬೇಕಾದ ಬಣ್ಣ ಕೊಡಬಹುದು. ನಾನು ನೋಡಿಟ್ಟಿದ್ದು ಡಬ್ಲ್ಯೂಎಸ್2812ಬಿ ಅನ್ನುವ 5 ವೋಲ್ಟಿನ ಪಿಕ್ಸೆಲ್ ಪಟ್ಟಿ (ಸ್ಟ್ರಿಪ್), ಮೀಟರಿಗೆ 30 ದೀಪ. ಐದಡಿ, ನಾಲ್ಕಡಿಯ ಕಿಟಕಿಯ ಸುತ್ತಳತೆ 18 ಅಡಿ, ಅಂದರೆ ಸುಮಾರು 165 ದೀಪ. ಎಲ್ಲವೂ ಪೂರ್ತಿ ಬಿಳಿ ಉರಿದರೆ ಒಂದಕ್ಕೆ 60 ಮಿಲಿಆಂಪ್‌ನಂತೆ ಹತ್ತಿರ ಹತ್ತಿರ 10 ಆಂಪ್. ಅಷ್ಟು ಕರೆಂಟು ಎಳೆದಾಗ ಕೊನೆಯ ದೀಪಗಳಿಗೆ ವೋಲ್ಟೇಜ್ ಸಾಲುವುದಿಲ್ಲ. ಮೊದಲು ನೀಲಿ, ಹಸಿರು ಸೊರಗುತ್ತವೆ, ಬಿಳಿ ಕೆಂಪಿಗೆ ತಿರುಗುತ್ತದೆ. "12 ವೋಲ್ಟ್ ತಗೋ, ಇಲ್ಲ ಆ ತುದಿಯಿಂದಲೂ ಪವರ್ ಕೊಡು" ಅಂದರು ಅಜ್ಜ.

ಮಗಳ ಪ್ರಶ್ನೆ ಕೇಳಿದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಮಾಡುವುದು ಇನ್ನೇನು? ಕಿಟಕಿ, ಕಮಾನು, ಗೋಪುರಗಳ ಅಂಚನ್ನು ಚುಕ್ಕಿ ಇಟ್ಟು ಬರೆಯುವುದು. ಸ್ಟ್ರಿಪ್ ಮೇಲೆ ಬಿಳಿ ಮುಚ್ಚಳ ಹಾಕಿದರೆ ಚುಕ್ಕಿ ಕಾಣುವುದಿಲ್ಲ, ಬರೀ ಟ್ಯೂಬ್‌ಲೈಟ್. ಹಾಗಾಗಿ 12 ವೋಲ್ಟಿನ ಬುಲೆಟ್ ಪಿಕ್ಸೆಲ್, ಅಂದರೆ ತಂತಿಯಲ್ಲಿ ಬಿಡಿಬಿಡಿಯಾಗಿ ಪೋಣಿಸಿದ ಪುಟ್ಟ ದೀಪಗಳನ್ನು ತಗೊಂಡೆ. ಮೂರು ಇಂಚಿಗೊಂದು, ಕಿಟಕಿಗೆ 72.

ಬಣ್ಣ ಹೊಂದಿಸುವುದೇ ದೊಡ್ಡ ಕೆಲಸ. ಕೆಂಪು, ಹಸಿರು, ನೀಲಿ ಬೆರೆತ ಬಿಳಿ ಆಸ್ಪತ್ರೆಯ ವಾರ್ಡಿನ ಹಾಗೆ. ನೀಲಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು, ಹಸಿರನ್ನು ಅರ್ಧಕ್ಕಿಂತ ಕೆಳಗೆ ತಂದಾಗ ಅರಮನೆಯ ಆ ಹಳದಿ ಸಿಕ್ಕಿತು.

ಚಿಕ್ಕಂದಿನಲ್ಲಿ ನಂಜನಗೂಡಿನಿಂದ ಭಾನುವಾರ ಅರಮನೆ ದೀಪ ನೋಡಲು ಹೋಗುತ್ತಿದ್ದೆವು. ಒಮ್ಮೆಗೇ ಹೊತ್ತಿಕೊಂಡಾಗ ಜನ "ಓ" ಅನ್ನುತ್ತಿದ್ದರು. ಆಮೇಲೆ ಅಪ್ಪನಿಗೆ ಬಸ್ಸಿನದ್ದೇ ಚಿಂತೆ. ಜನ ನುಗ್ಗುವ ಮೊದಲೇ ಸಬರ್ಬನ್ ಬಸ್‌ಸ್ಟ್ಯಾಂಡಿಗೆ ಎಳೆದುಕೊಂಡು ಹೋಗುತ್ತಿದ್ದರು. ದೀಪ ಆರುವುದನ್ನು ನಾನು ಒಮ್ಮೆಯೂ ನೋಡಿಲ್ಲ.

ಈಗ ದಸರಾ ಬಂದರೆ ಮೈಸೂರಿನ ಬೀದಿಗಳಲ್ಲೂ ಬಣ್ಣ ಬದಲಿಸುವ ಎಲ್‌ಇಡಿ. ಚೆನ್ನಾಗೇ ಇವೆ, ಆದರೆ ಜಾಸ್ತಿಯಾಯಿತು. ಅರಮನೆಗೂ ಅದನ್ನೇ ಹಾಕಬೇಕು ಅನ್ನುವುದು ಭಾವನ ವಾದ. ಫೋನಿನಲ್ಲಿ ಜಗಳ ಆಡಿದೆ. ಟೆಕ್ಸಸ್‌ನಲ್ಲಿ ಕೂತು ಹೇಳುವುದು ಸುಲಭ, ಅಲ್ವಾ?

ದೀಪಾವಳಿಗೆ ಕಿಟಕಿಗಳು ಹಳದಿಯಲ್ಲಿ ನಿಂತವು. ಅಲ್ಲಾಡಲಿಲ್ಲ, ಮಿಟುಕಲಿಲ್ಲ. "ಇಷ್ಟಕ್ಕೆ ಪಿಕ್ಸೆಲ್ ಯಾಕೆ ಬೇಕಿತ್ತು?" ಅಂತ ಅಜ್ಜ ತಲೆ ಅಲ್ಲಾಡಿಸಿದರು. ಡಿಸೆಂಬರಿಗೆ ಕೆಂಪು, ಹಸಿರು ಓಡಿಸುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ಮಗಳು ಇನ್ನೂ ಒಪ್ಪಿಲ್ಲ.