ನೀರಿಲ್ಲ ಅಂತ ಹೊಡೆದಾಡಿದ್ರಾ?

ಹಿಸ್ಟರಿ ಪಾಠ ಮಾಡ್ತೀನಿ ಅಂತ ಗೊತ್ತಾದ್ರೆ ಸಾಕು, ಎಲ್ರೂ ಕೇಳೋದು ಒಂದೇ, "ಹಳೇ ಕಾಲದಲ್ಲಿ ನೀರಿಲ್ದೆ ಯುದ್ಧ ಆಗ್ತಿತ್ತಂತಲ್ಲ, ನಿಜಾನಾ?" ಮೊನ್ನೆ ಮದುವೆ ಊಟದಲ್ಲಿ ಎಲೆಗೆ ಪಾಯಸ ಬೀಳೋ ಹೊತ್ತಿಗೆ ದೊಡ್ಡಪ್ಪ ಅಂದ್ರು, "ಬರ ಬಂತು, ಹೊಡೆದಾಡ್ಕೊಂಡ್ರು, ಅಷ್ಟೇ ತಾನೆ ಮೇಷ್ಟ್ರೇ?" ಆ "ಅಷ್ಟೇ ತಾನೆ" ಕೇಳಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ.

ಅಷ್ಟೇ ಅಲ್ಲ. ಇವತ್ತಿನ ಇರಾಕ್‌ನ ದಕ್ಷಿಣದಲ್ಲಿ ಲಗಾಶ್, ಉಮ್ಮಾ ಅಂತ ಎರಡು ಊರು, ಕ್ರಿ.ಪೂ. 2450ರ ಸುಮಾರಿನ ಮಾತು. ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆನೂ ಬೀಳಲ್ಲ, ಬಾರ್ಲಿ ಬಿತ್ತೋ ಹೊತ್ತಿಗೆ ನದಿ ಬತ್ತಿರುತ್ತೆ, ಕೊಯ್ಲಿಗೆ ಬಂದಾಗ ಪ್ರವಾಹ ಬರುತ್ತೆ, ಹಾಗಾಗಿ ಕಾಲುವೆ ಇಲ್ಲ ಅಂದ್ರೆ ಊಟ ಇಲ್ಲ. ಆದ್ರೆ ಜಗಳ ಬರೀ ನೀರಿಂದಲ್ಲ ರೀ! ಗಡೀಲಿದ್ದ ಗುಎದಿನ್ನಾ ಅನ್ನೋ ಹೊಲ ಯಾರದ್ದು ಅಂತ ಕಿಶ್ ಅನ್ನೋ ಇನ್ನೊಂದು ಊರಿನ ರಾಜ ಮೆಸಿಲಿಮ್ ಮೊದಲೇ ಗಡಿಕಲ್ಲು ನೆಟ್ಟಿದ್ದ. ಉಮ್ಮಾದವರು ಆ ಹೊಲದ ಬಾರ್ಲಿನ ಲಗಾಶ್‌ನಿಂದ ಸಾಲ ಅಂತ ತಗೊಂಡು ಉಂಡ್ರು, ಸಾಲ ಉಳೀತು, ಬಡ್ಡಿ ಬೆಳೀತು, ತೀರಿಸೋಕಾಗ್ಲಿಲ್ಲ. ಆಮೇಲೆ ಅವರ ದೊರೆ ಊರ್‌ಲುಮ್ಮಾ ಗಡಿ ಕಾಲುವೆ ನೀರಿಗೆ ಕೈ ಹಾಕಿದ, ಗಡಿಕಲ್ಲುಗಳಿಗೆ ಬೆಂಕಿ ಇಟ್ಟ. ಇದೆಲ್ಲಾ ಲಗಾಶ್‌ನ ರಾಜರು ಬರೆಸಿಟ್ಟ ಕಥೆ, ಉಮ್ಮಾದವರ ಕಡೆ ಮಾತು ನಮ್ಮ ಕೈಗೆ ಅಷ್ಟಾಗಿ ಸಿಕ್ಕಿಲ್ಲ, ಅದನ್ನೂ ನೆನಪಿಟ್ಕೊಳ್ಳಿ. ಬರ ಬಂದ ತಕ್ಷಣ ಜನ ಕತ್ತಿ ಹಿಡೀತಾರೆ ಅಂದ್ರೆ ಸಾಲ, ಬಡ್ಡಿ, ಗಡಿಕಲ್ಲು, ದೊರೆ ಎಲ್ಲಾ ಮಾಯ ಆಗ್ಬಿಡ್ತವೆ, ತಪ್ಪೆಲ್ಲಾ ಮೋಡದ ಮೇಲೆ ಬೀಳುತ್ತೆ.

ನೀರಿಗೆ ಹೊಡೆದಾಡಿದ್ರಾ ಅಂತ ಕೇಳೋ ಬದ್ಲು ಆ ಕಾಲುವೆಯ ಹೂಳು ಎತ್ತಿದ್ದು ಯಾರು ಅಂತ ಯಾರಾದ್ರೂ ಕೇಳ್ಬಾರ್ದಾ? ಅಲ್ಲಿನ ನೀರಲ್ಲಿ ಹೂಳು ಜಾಸ್ತಿ, ಎತ್ತದೇ ಬಿಟ್ರೆ ಕಾಲುವೆ ಮುಚ್ಚೇ ಹೋಗುತ್ತೆ. ದೇವಸ್ಥಾನದ ಹೊಲ ಉಂಬಳಿ ಪಡೆದ ಆಳುಗಳನ್ನೇ ಕಾಲುವೆ ಕೆಲಸಕ್ಕೂ ಕರೀತಿದ್ರು, ಯುದ್ಧಕ್ಕೂ ಕರೀತಿದ್ರು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಲಗಾಶ್‌ನ ದೊರೆ ಎಯನ್ನತುಮ್ ಕೆತ್ತಿಸಿದ ವಿಜಯದ ಕಲ್ಲಿದೆ, ಒಡೆದು ಚೂರಾಗಿರೋದು. ಮೇಲೆ ರಣಹದ್ದುಗಳು ಕಡಿದ ತಲೆ ಕಚ್ಕೊಂಡು ಹಾರ್ತಿವೆ. ಕೆಳಗೆ ಗುರಾಣಿಗಳ ಗೋಡೆ, ಅದರ ಮೇಲೆ ಸಾಲಾಗಿ ಶಿರಸ್ತ್ರಾಣ ಹಾಕಿದ ಮುಖಗಳು, ಎಲ್ಲಾ ಒಂದೇ ಥರ. ಗುರಾಣಿ ಸಂದೀಲಿ ಈಟಿ ಹಿಡಿದ ಕೈಗಳು ಮಾತ್ರ ಆಚೆ ಬಂದಿವೆ, ಕಾಲ ಕೆಳಗೆ ಹೆಣಗಳು. ಎಯನ್ನತುಮ್ ಹೆಸರು ಆ ಕಲ್ಲಲ್ಲಿದೆ. ಆ ಕೈಗಳು ಯಾರದ್ದು ಅಂತ ಕೇಳಿ, ಪಾಯಸ ಬಿಟ್ಟು ಎದ್ದು ಬಂದು ಹೇಳ್ತೀನಿ.